ಮಾವನಿಗೆ ಕಿವಿ ಬಂದದ್ದು

ನಮ್ಮ ಸೋದರಮಾವನಷ್ಟು ಸುಖವಾಗಿ ಸಂಸಾರ ಮಾಡಿದ ಗಂಡಸು ಬಳ್ಳಾರಿ ಜಿಲ್ಲೆಯಲ್ಲೇ ಇನ್ನೊಬ್ಬನಿರಲಿಲ್ಲ. ಇದಕ್ಕೆ ಕಾರಣ ಅವನ ಜಾತಕವಲ್ಲ, ಗುಣವಂತೂ ಅಲ್ಲವೇ ಅಲ್ಲ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅಷ್ಟೇ! ನಗುತ್ತೀರಾ? ನಗಿ. ಆದರೆ ನಿಮ್ಮಲ್ಲಿ ಮದುವೆಯಾದವರು ಒಂದು ಗಳಿಗೆ ಯೋಚಿಸಿ ಆಮೇಲೆ ನಗಿ.

ಮಾವ ಸಿರುಗುಪ್ಪದಲ್ಲಿ ಎತ್ತಿನ ದಲ್ಲಾಳಿ. ಬಾಗಿಲು ದಾಟುವಾಗ ಬಗ್ಗಬೇಕಾದಷ್ಟು ಎತ್ತರ, ಗಿರಿಜಾ ಮೀಸೆ, ತಲೆಗೆ ಕೆಂಪು ರುಮಾಲು, ಹೆಗಲ ಮೇಲೆ ಸದಾ ಒಂದು ದೊಡ್ಡ ಟವೆಲು. ಪ್ರಾಯದಲ್ಲಿ ಕಿವಿ ಚೆನ್ನಾಗಿಯೇ ಇದ್ದವಂತೆ. ಒಮ್ಮೆ ರಾರಾವಿಗೆ ಎತ್ತು ನೋಡಲು ಹೋದವನು ಎತ್ತು ಬಿಟ್ಟು ಚಳಿಜ್ವರ ಹೊಡೆದುಕೊಂಡು ಬಂದ. ಜ್ವರವೋ, ಜ್ವರಕ್ಕೆ ನುಂಗಿಸಿದ ಕ್ವಿನೈನೋ, ಎರಡರಲ್ಲಿ ಯಾವುದೋ ಒಂದು ಅವನ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಆಮೇಲೆ ಯಾರಾದರೂ ಹತ್ತಿರ ಬಂದು ಗಂಟಲು ಹರಿಯುವಂತೆ ಕೂಗಿದರೆ, ಬಾವಿಯ ತಳದಿಂದ ಯಾರೋ ಕರೆದಷ್ಟು ತಿಳಿಯುತ್ತಿತ್ತು. ತನಗಿಲ್ಲದ ಕಿವಿ ಲೋಕಕ್ಕೂ ಇಲ್ಲವೆಂದು ಅವನು ನಂಬಿದ್ದ. ಒಂದು ಲೋಟ ನೀರು ಬೇಕಾದರೂ ಮೂರು ಓಣಿಗೆ ಮುಟ್ಟುವಂತೆ ಒದರುತ್ತಿದ್ದ.

ಕಿವುಡ ದಲ್ಲಾಳಿಯ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು ಎನ್ನುತ್ತೀರಾ? ಮಜಾ ಇರುವುದೇ ಅಲ್ಲಿ! ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ. ಮಾರುವವನ ಕಡೆಯವನೊಬ್ಬ, ಕೊಳ್ಳುವವನ ಕಡೆಯವನೊಬ್ಬ ಎದುರುಬದುರು ನಿಂತು, ಕೈಗಳ ಮೇಲೆ ಟವೆಲು ಮುಚ್ಚಿ, ಅದರ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಬೆರಳಿಗೊಂದು ಬೆಲೆ, ಗೆಣ್ಣಿಗೊಂದು ಬೆಲೆ. ಹೊರಗೆ ಬಾಯಿ ತನ್ನ ಪಾಡಿಗೆ ತಾನು ಬಂಗಾರದಂಥ ಎತ್ತು, ಮಗನಂತೆ ಸಾಕಿದ್ದೇನೆ, ಮನೆಯವಳು ಎರಡು ದಿನದಿಂದ ಉಂಡಿಲ್ಲ ಎಂದು ಸುಳ್ಳು ಸುರಿಸುತ್ತಿರುತ್ತದೆ. ಒಳಗೆ ಬೆರಳು ಮಾತ್ರ ನಿಜ ಹೇಳುತ್ತಿರುತ್ತದೆ. ನಮ್ಮ ಮಾವನಿಗೆ ಸುಳ್ಳು ತಲುಪುತ್ತಲೇ ಇರಲಿಲ್ಲ, ನಿಜವಷ್ಟೇ ತಲುಪುತ್ತಿತ್ತು. ಹೀಗಾಗಿ ಕಿವಿ ಹೋದ ಮೇಲೆ ಅವನ ಕಸುಬು ಮೊದಲಿಗಿಂತ ಚುರುಕಾಯಿತು. ಆ ಕಿವುಡನ ಕೈಗೆ ಸಿಕ್ಕರೆ ಮುಗಿಯಿತು ಎಂದು ಉಳಿದ ದಲ್ಲಾಳಿಗಳು ಹೆದರುತ್ತಿದ್ದರು. ಅದನ್ನು ಅವನ ಎದುರಿಗೇ ನಿಂತು ಹೇಳಿಕೊಳ್ಳುತ್ತಿದ್ದರು.

ಇನ್ನು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ಅವಳು ಕುರುಗೋಡಿನವಳು. ಗಿಡ್ಡಗೆ, ತೆಳ್ಳಗೆ, ಚುರುಕಾಗಿ ಇದ್ದಳು. ಅವಳು ಮದುವೆಯಾಗಿ ಬಂದಾಗ ಮನೆಯ ತುಂಬ ಹಿರಿಯರು. ಹಿರಿಯರ ಎದುರು ಸೊಸೆಯಾದವಳು ಗಂಡನೊಂದಿಗೆ ಬಾಯಿಬಿಟ್ಟು ಮಾತಾಡುವಂತಿಲ್ಲ. ಏನಾದರೂ ಹೇಳಬೇಕಾದರೆ ಕಂಬಕ್ಕೆ ಹೇಳಬೇಕು, ಬೆಕ್ಕಿಗೆ ಹೇಳಬೇಕು, ಗಂಡ ಅದನ್ನು ಅಲ್ಲಿಂದ ಎತ್ತಿಕೊಳ್ಳಬೇಕು. ತೀರ ಅಗತ್ಯಬಿದ್ದರೆ ಸೆರಗಿನ ಮರೆಯಿಂದ ಒಂದು ಪಿಸುಮಾತು. ಹಿರಿಯರೆಲ್ಲ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ, ಇನ್ನು ಬಾಯಿ ಬಿಚ್ಚಬಹುದು ಎನ್ನುವ ಹೊತ್ತಿಗೆ ಸರಿಯಾಗಿ ಮಾವನಿಗೆ ಚಳಿಜ್ವರ ಬಂತು ನೋಡಿ! ಹೆಂಡತಿಯ ಬಾಯಿ ತೆರೆಯಿತು, ಗಂಡನ ಕಿವಿ ಮುಚ್ಚಿತು. ಪಾಪ, ತನ್ನ ಹೆಂಡತಿಯ ದನಿ ಹೇಗಿದೆಯೆಂದು ಅವನು ಸರಿಯಾಗಿ ಕೇಳಿಯೇ ಇರಲಿಲ್ಲ.

ಅತ್ತೆ ಮಾತ್ರ ಅಷ್ಟು ವರ್ಷ ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿದಳು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಶುರುವಾದರೆ ಸಂಜೆ ದೀಪ ಹಚ್ಚುವತನಕ ನಿಲ್ಲದು. ಎಲ್ಲವೂ ಮಾವನ ಎದುರಿಗೇ, ಆದರೆ ಮಾವನಿಗಲ್ಲ; ಹಳೆಯ ರೂಢಿಯಂತೆ ಕಂಬಕ್ಕೆ, ಒಲೆಗೆ, ಬೀಸುವ ಕಲ್ಲಿಗೆ. "ನೋಡಲೇ ಕಂಬ, ಈ ಮನಷ್ಯಾ ಊರ ಎತ್ತಿನ ಹಲ್ಲೆಲ್ಲಾ ಎಣಿಸಿ ಬರ್ತಾನ. ಹೆಂಡ್ತಿ ಜ್ವರ ಬಂದು ಮಲಗಿದ್ರ ಹಣಿ ಮುಟ್ಟಿ ನೋಡಂಗಿಲ್ಲ." ಹೀಗೆ ಹೇಳುವಾಗ ಮುಖದ ತುಂಬ ನಗು. ಆ ನಗು ನೋಡಿದ ಮಾವ ತನ್ನನ್ನು ಹೊಗಳುತ್ತಿದ್ದಾಳೆಂದು ತಿಳಿದು ಮೀಸೆ ತಿರುವಿಕೊಂಡು ತಲೆಯಾಡಿಸುತ್ತಿದ್ದ! ಗೋಡೆಗೂ ಕಿವಿ ಇರುತ್ತವಂತೆ, ನನ್ನ ಗಂಡನಿಗಿಲ್ಲ, ನನ್ನಂಥ ಪುಣ್ಯವಂತೆ ಯಾರಿದ್ದಾರೆ ಎಂದು ಅತ್ತೆ ಓಣಿಯ ಹೆಂಗಸರ ಮುಂದೆ ಹೇಳಿಕೊಳ್ಳುತ್ತಿದ್ದಳು. ಬರೀ ಬೈಗುಳವಲ್ಲ. ಮಕ್ಕಳಾಗದ ದುಃಖ, ಸೊಸೆಯಾಗಿ ಹಿರಿಯರ ಕೈಯಲ್ಲಿ ಪಟ್ಟ ಪಾಡು, ಕನಸಿನಲ್ಲಿ ಕಂಡದ್ದು, ಎಲ್ಲವನ್ನೂ ಅವಳು ಅವನ ಮುಂದೆ ಕೂತು ಒಲೆಗೆ ಹೇಳುತ್ತಿದ್ದಳು.

ಹಾಗಾದರೆ ಇಬ್ಬರ ನಡುವೆ ಮನೆವಾರ್ತೆ? ಅದು ಬೆರಳಿನಲ್ಲಿ. ಸಂತೆಯ ವಿದ್ಯೆಯನ್ನು ಮಾವ ಮನೆಗೂ ತಂದಿದ್ದ. ಅತ್ತೆ ಸೆರಗಿನ ಮರೆಯಲ್ಲಿ ಅವನ ಕೈ ಹಿಡಿದು ಹೆಬ್ಬೆರಳು ಒತ್ತಿದರೆ ಊಟಕ್ಕೆ ಏಳು ಎಂದು, ತೋರುಬೆರಳು ಎಳೆದರೆ ಯಾರೋ ಬಂದಿದ್ದಾರೆ ಎಂದು, ಕಿರುಬೆರಳು ತಿರುವಿದರೆ ಬಂದವರು ಬೇಗ ಹೋಗುವ ಜಾತಿಯಲ್ಲ ಎಂದು. ನಾನು ಹೋದಾಗ ಯಾವ ಬೆರಳಿಗೆ ಕೈಹಾಕುತ್ತಾಳೆಂದು ನಾನು ಕಣ್ಣಿಟ್ಟು ನೋಡುತ್ತಿದ್ದೆ.

ನಾನಾಗ ಮದುವೆಯಾಗಿ ಬಳ್ಳಾರಿಯಲ್ಲಿದ್ದೆ. ನಮ್ಮವರು ರೈಲ್ವೆಯಲ್ಲಿ ಗುಮಾಸ್ತರು. ಮಹಾಯುದ್ಧ ಮುಗಿದ ಹೊಸತು. ಪೆಟ್ರೋಲು ಸಾಲದೆ ಇದ್ದಲಿನ ಬಸ್ಸುಗಳು ಇನ್ನೂ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಗೌರವದ ಮಾತು. ಅಂಥದೊಂದು ಬಸ್ಸಿನಲ್ಲಿ ಸಿರುಗುಪ್ಪದಿಂದ ಬಂದ ಮಾವ ಮುಖದ ತುಂಬ ಮಸಿ ಬಳಿದುಕೊಂಡು ನಮ್ಮ ಮನೆಯ ಬಾಗಿಲಲ್ಲಿ ನಿಂತ. ಗುಟ್ಟಿನ ಮಾತು ಹೇಳಬೇಕು ಎಂದ. ಅವನ ಗುಟ್ಟನ್ನು ಕೇಳಲು ಎದುರುಮನೆಯವರು ಹೊರಗೆ ಬಂದರು.

"ನಿಮ್ಮ ಅತ್ತಿ ಏನೋ ಮಾತಾಡ್ತಾಳವ್ವ. ಬಾಯಿ ಆಡೋದು ಕಾಣತೈತಿ. ಓಣ್ಯಾಗಿನ ಹೆಣಮಕ್ಕಳೆಲ್ಲಾ ಕೇಳಿ ನಗತಾರ. ನನ್ನ ಹೇಣ್ತಿ ಮಾತು ಊರಿಗೆಲ್ಲಾ ಕೇಳತೈತಿ, ನನಗೊಬ್ಬಗ ಇಲ್ಲ. ಅಕಿ ದನಿ ಒಂದು ಸಲ ಕೇಳಬೇಕು ನಾನು."

ನಾನು ನಗಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಐವತ್ತು ದಾಟಿದ ಗಂಡಸು, ಸಂತೆಯ ಹುಲಿ, ನನ್ನ ಹೊಸಿಲಿನ ಮೇಲೆ ಕೂತು ಕಣ್ಣು ಕೆಳಗೆ ಹಾಕಿದ್ದ. ಬಾ ಮಾವ, ಈ ಊರಿನಲ್ಲಿ ಕಿವಿಗೆ ಏನುಂಟೋ ಎಲ್ಲಾ ನೋಡಿಯೇಬಿಡೋಣ ಎಂದು ಅವನ ಕಿವಿಯಲ್ಲಿ ಕೂಗಿದೆ. ಎದುರುಮನೆಯವರು ತಾವೂ ಬರುವುದಾಗಿ ಹೇಳಿದರು.

ಬಳ್ಳಾರಿಯಲ್ಲಿ ಆಗ ಕಿವಿಗೆ ಏನುಂಟು? ಮೊದಲು ಸಿಕ್ಕವನು ಬ್ರೂಸ್‌ಪೇಟೆಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಕಿವಿ ತೆಗೆಯುವವನು. ಸಣ್ಣ ಕಡ್ಡಿ, ಹತ್ತಿ, ಒಂದು ಸೀಸೆ ಎಣ್ಣೆ, ಇಷ್ಟೇ ಅವನ ಆಸ್ಪತ್ರೆ. ಮಾವನ ಕಿವಿಯಲ್ಲಿ ಕಡ್ಡಿ ಆಡಿಸಿ, ಎರಡು ಸಲ ಅಯ್ಯೋ ಎಂದು, ಕೊನೆಗೆ ಒಂದು ಕಲ್ಲಿನ ಹರಳು ತೆಗೆದು ತೋರಿಸಿದ. ಇಷ್ಟು ವರ್ಷ ಇದೇ ಅಡ್ಡ ಕೂತಿತ್ತು ಎಂದ! ನಾನು ಬೆರಗಾಗಿ ನಿಂತೆ. ಮಾವ ತನ್ನ ಟವೆಲನ್ನು ಅವನ ಕೈಮೇಲೆ ಹಾಕಿ ಒಳಗೆ ಬೆರಳು ತೂರಿಸಿದ. ಹೊರಗೆ ತೆಗೆದಾಗ ಮಾವನ ಅಂಗೈಯಲ್ಲಿ ಅಂಥವೇ ಇನ್ನೂ ಮೂರು ಹರಳು! ಯಾರ ಬೆರಳ ಸಂದಿಯಲ್ಲಿ ಏನಿದೆ ಎಂಬುದನ್ನು ನಮ್ಮ ಮಾವನಿಂದ ಬಚ್ಚಿಡಲು ಸಾಧ್ಯವೇ?

ಎರಡನೆಯದು ತುತ್ತೂರಿ. ಹಿಂದೆ ದಂಡುಪ್ರದೇಶದ ಮುದುಕ ಸಾಹೇಬನೊಬ್ಬ ಕಿವಿಗೆ ತುತ್ತೂರಿ ಹಿಡಿದುಕೊಳ್ಳುತ್ತಿದ್ದನೆಂದು ಯಾರೋ ಹೇಳಿದರು. ಮಾವ ತಡಮಾಡಲಿಲ್ಲ, ಕಂಚುಗಾರನೊಬ್ಬನ ಹತ್ತಿರ ಹಿತ್ತಾಳೆಯದೊಂದು ಮಾಡಿಸಿಯೇಬಿಟ್ಟ. ಅದನ್ನು ಹೊತ್ತು ಸಂತೆಗೆ ಹೋದ. ಎತ್ತುಗಳಿಗೆ ಅದರ ಹೊಳಪು ಬಹಳ ಹಿಡಿಸಿತು. ಒಂದು ಎತ್ತು ಅದರೊಳಗೆ ಮೂತಿಯಿಟ್ಟು ಉಸಿರು ಬಿಟ್ಟ ಹೊಡೆತಕ್ಕೆ, ಮಾವ ಬಿರುಗಾಳಿ ಬಂತೆಂದು ತಿಳಿದು ಎಲ್ಲರಿಗೂ ದನ ಕಟ್ಟಿಕೊಳ್ಳಿರೆಂದು ಕೂಗಿದನಂತೆ. ಮನೆಗೆ ಒಯ್ದು ಅತ್ತೆಯ ಬಾಯಿಗೆ ಹಿಡಿದರೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತ ಹಿತ್ತಿಲಿಗೆ ಓಡಿದಳು. ಆ ತುತ್ತೂರಿ ಆಮೇಲೆ ಡಬ್ಬಿಗೆ ಎಣ್ಣೆ ಹೊಯ್ಯುವ ಆಲಿಕೆಯಾಗಿ ಬಹಳ ಕಾಲ ಬಾಳಿತು.

ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎರಡು ಕವಲಿನ ಒಂದು ಉಕ್ಕಿನ ಚಿಮಟಿಗೆಯನ್ನು ಗುಂಯ್ ಎನ್ನುವಂತೆ ಬಡಿದು ಮಾವನ ಹಣೆಯ ಮೇಲಿಟ್ಟರು. ನರ ಪೂರ್ತಿ ಸತ್ತಿಲ್ಲ, ಕಿವಿಗೆ ಸದ್ದು ದೊಡ್ಡದು ಮಾಡಿ ಕೊಡುವ ಮಿಷನ್ನು ಈಗ ಬಂದಿದೆ, ಔಷಧಿಯಂಗಡಿಯಲ್ಲಿ ಸಿಗುವುದಿಲ್ಲ, ರೇಡಿಯೋ ಅಂಗಡಿಯವರನ್ನು ಕೇಳಿ ಎಂದರು. ಕಿವಿಯ ರೋಗಕ್ಕೆ ರೇಡಿಯೋ ಅಂಗಡಿ! ಆದರೂ ಹೋದೆವು.

ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ ತೆಲುಗಿನವರೊಬ್ಬರ ರೇಡಿಯೋ ಅಂಗಡಿಯಿತ್ತು. ಅವರು ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು. ಮಾವನನ್ನು ಮೇಲಿಂದ ಕೆಳಗೆ ನೋಡಿ, "ಫಿಕರ್ ಬ್ಯಾಡಂಡಿ, ಮದ್ರಾಸ್ ನುಂಚಿ ತೆಪ್ಪಿಸ್ತಾನು" ಎಂದರು. ಮದ್ರಾಸಿನಿಂದ ತರಿಸಿಕೊಡುತ್ತೇನೆ ಎಂದು ಅದರ ಅರ್ಥ. ಒಂದು ಜೋಡಿ ಒಳ್ಳೆಯ ಎತ್ತಿನ ಬೆಲೆ ಎಂದು ತಿಳಿದಾಗ ನಾನು ಹೌಹಾರಿದೆ. ಮಾವ ಮಾತ್ರ, ಎತ್ತು ಮಾತಾಡುತ್ತದೆಯೇ ಎಂದು ಕೇಳಿ ಒಪ್ಪಿಕೊಂಡ. ಜನ್ಮದಲ್ಲಿ ಅವನು ಚೌಕಾಸಿ ಮಾಡದೆ ಕೊಂಡ ಒಂದೇ ವಸ್ತು ಅದು.

ಮಿಷನ್ನು ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ನಶ್ಯದ ಡಬ್ಬಿಗಿಂತ ದೊಡ್ಡದಾದ ಒಂದು ಪೆಟ್ಟಿಗೆ. ಅದನ್ನು ಅಂಗಿಯ ಎದೆಯ ಜೇಬಿನಲ್ಲಿಡಬೇಕು. ಅದರಿಂದ ಹೊರಟ ಒಂದು ತಂತಿ ಕಿವಿಯೊಳಗಿನ ಗುಂಡಿಗೆ, ಇನ್ನೊಂದು ತಂತಿ ಸೊಂಟಕ್ಕೆ ಕಟ್ಟಿದ ಚೀಲದೊಳಗಿನ ಬ್ಯಾಟರಿಗೆ. ಅಂಗಡಿಯವರು ಮಾವನಿಗೆ ಇದನ್ನೆಲ್ಲ ತೊಡಿಸಿದಾಗ ಎತ್ತಿನ ಕೊರಳಿಗೆ ಜತ್ತಿಗೆಯ ಪಟ್ಟಿ ಕಟ್ಟಿ ನೊಗಕ್ಕೆ ಹೂಡಿದಂತೆ ಇತ್ತು. ಎಷ್ಟು ಸದ್ದು ಬೇಕೆಂದು ಗೊತ್ತುಮಾಡುವ ಅವರ ರೀತಿಯೂ ಸರಳ. ಪೆಟ್ಟಿಗೆಯ ಚಕ್ರವನ್ನು ತಿರುಗಿಸುತ್ತ ಹೋಗುವುದು, ಗಿರಾಕಿ ಬೆಚ್ಚಿಬಿದ್ದರೆ ಅಲ್ಲಿಂದ ಒಂದು ಕೂದಲೆಳೆ ಹಿಂದೆ ತರುವುದು!

ಮಾವ ಬೆಚ್ಚಿಬಿದ್ದ. ಜಟಕಾ ಗಾಡಿಗಳ ಗಂಟೆ, ಕಬ್ಬಿಣದಂಗಡಿಯ ಬಡಿತ, ಹಮಾಲರ ಕೂಗು, ಎಲ್ಲವೂ ಒಟ್ಟಿಗೆ ಅವನೊಳಗೆ ನುಗ್ಗಿದವು. ಸ್ವಲ್ಪ ಹೊತ್ತು ಅಂಗಡಿಯ ಕಟ್ಟೆ ಹಿಡಿದು ನಿಂತವನು ನನ್ನ ಕಡೆ ತಿರುಗಿ, ಬ್ರೂಸ್‌ಪೇಟೆ ಬಹಳ ಸಮಾಧಾನದ ಜಾಗ ಎಂದು ಇಷ್ಟು ದಿನ ತಿಳಿದಿದ್ದೆನಲ್ಲ ಎಂದು ವ್ಯಥೆಪಟ್ಟ.

ಹೊಸ ಕಿವಿ ಎಂದರೆ ಹೊಸ ಸೊಸೆ ಇದ್ದಂತೆ, ಮನೆಗೆ ಹೊಂದಿಕೊಳ್ಳಲು ಸಮಯ ಬೇಕು. ಅಂದೇ ನಾನು ಮಂಡಕ್ಕಿಯ ಒಗ್ಗಾಣಿ, ಜೊತೆಗೆ ಗರಿಗರಿ ಮಿರ್ಚಿ ಬಜ್ಜಿ ಮಾಡಿ ಕೊಟ್ಟೆ. ಮಿರ್ಚಿ ಕಚ್ಚಿದವನು ಬೆದರಿ ಕೆಳಗಿಟ್ಟ. ಅವನ ಬಾಯೊಳಗಿನ ಕರಕರ ಅವನಿಗೆ ಗೋಡೆ ಬಿದ್ದಂತೆ ಕೇಳಿಸಿತ್ತು. ತನ್ನ ಚಪ್ಪಲಿಯ ಕಿರುಗುಟ್ಟುವಿಕೆ ಕೇಳಿ ಯಾರೋ ಬೆನ್ನು ಹತ್ತಿದ್ದಾರೆಂದು ಎರಡು ಸಲ ತಿರುಗಿ ನೋಡಿದ. ಎಲ್ಲಕ್ಕಿಂತ ದೊಡ್ಡ ಆಘಾತ ಅವನಿಗೆ ತನ್ನದೇ ದನಿ ಕೇಳಿದ್ದು. ಇದು ನಾನೇನು, ಹೀಗೇ ಒದರುತ್ತಿದ್ದೆನೇನು ಎಂದು ನಾಚಿ ನೀರಾದ. ಅಂದಿನಿಂದ ಪಿಸುಗುಡತೊಡಗಿದ. ಎಷ್ಟು ಸಣ್ಣಗೆ ಎಂದರೆ, ಈಗ ಊರವರೆಲ್ಲ ಕಿವಿಯ ಹಿಂದೆ ಕೈಯಿಟ್ಟು ಆಂ ಆಂ ಎನ್ನುವಂತಾಯಿತು. ಅವನ ಕಿವುಡು ಹೋಗಿ ಸಿರುಗುಪ್ಪಕ್ಕೆಲ್ಲ ಅಂಟಿಕೊಂಡಿತು!

ಮಿಷನ್ನಿನ ಕಿವಿ ಇರುವುದು ಪೆಟ್ಟಿಗೆಯಲ್ಲಿ ಎಂದು ಜನಕ್ಕೆ ಬೇಗ ಗೊತ್ತಾಯಿತು. ಎಲ್ಲರೂ ಅವನ ಮುಖ ಬಿಟ್ಟು ಜೇಬಿಗೆ ಮಾತಾಡತೊಡಗಿದರು. ಪೂಜಾರಿ ಬಗ್ಗಿ ಜೇಬಿಗೆ ಆಶೀರ್ವಾದ ಮಾಡಿದರು.

ಆದರೆ ಕಸುಬು ಕೆಟ್ಟಿತು. ಇಷ್ಟು ಕಾಲ ತಲುಪದಿದ್ದ ಸಂತೆಯ ಮಾತುಗಳೆಲ್ಲ ಈಗ ತಲುಪಿದವು. ಮಗನಂತೆ ಸಾಕಿದ ಎತ್ತು ಎಂದು ಯಾರೋ ಅಂದರೆ ಮಾವನ ಕಣ್ಣು ತುಂಬುತ್ತಿತ್ತು. ಟವೆಲಿನ ಒಳಗೆ ಬೆರಳು ಇಷ್ಟಕ್ಕೆ ಕೊಡುತ್ತೇನೆ ಎಂದು ಸ್ಪಷ್ಟವಾಗಿ ಹೇಳುತ್ತಿದ್ದರೂ, ಹೊರಗಿನ ಅಳು ಕೇಳಿ ಇವನೇ ಬೆಲೆ ಏರಿಸಿಬಿಡುತ್ತಿದ್ದ! ಒಮ್ಮೆ ನೇಗಿಲು ಕಂಡರೆ ಮಲಗಿಬಿಡುವ ಎತ್ತೊಂದನ್ನು, ಮಾರುವವನ ಹೆಂಡತಿ ಉಂಡಿಲ್ಲವೆಂಬ ಕಾರಣಕ್ಕೆ, ತನ್ನನ್ನು ನಂಬಿದ ರೈತನಿಗೆ ಕೊಡಿಸಿದ. ಆ ರೈತ ಮರುವಾರ ಬಂದು ಜೇಬಿಗೆ ಬಾಯಿಟ್ಟು ಬೈದುಹೋದ. ಅಂದಿನಿಂದ ಮಾವ ಸಂತೆಯ ಸುತ್ತ ಕಟ್ಟಿದ ಹಗ್ಗ ದಾಟುವಾಗ ಮಿಷನ್ನಿನ ಚಕ್ರವನ್ನು ಸೊನ್ನೆಗೆ ತಿರುಗಿಸುವುದನ್ನು ಕಲಿತ. ಕಸುಬು ನೆಟ್ಟಗಾಯಿತು.

ನೆಟ್ಟಗಾಗದೆ ಹೋದದ್ದು ಮನೆ. ಯಾವ ದನಿಗಾಗಿ ಇಷ್ಟೆಲ್ಲ ಮಾಡಿದನೋ ಆ ದನಿಯೇ ನಿಂತುಹೋಯಿತು.

ಹೊಸ ಕಿವಿ ಹೊತ್ತು ಅವನು ಊರಿಗೆ ಮರಳಿದ ದಿನ ನಾನೇ ಅವನ ಜೊತೆ ಸಿರುಗುಪ್ಪಕ್ಕೆ ಹೋಗಿದ್ದೆ. ಬಾಗಿಲಲ್ಲಿ ಕಾಲಿಡುವ ಮುಂಚೆಯೇ ಒಳಗಿಂದ ಅತ್ತೆಯ ಮಾತು ಕೇಳುತ್ತಿತ್ತು. ಮಾವನ ಮುಖ ನೋಡಬೇಕಿತ್ತು! ಹೊಸಿಲ ಹೊರಗೆ ಉಸಿರು ಹಿಡಿದು ನಿಂತ. ಅಲ್ಲೇ ನಿಂತಿದ್ದರೆ ಎಲ್ಲ ಸುಖವಾಗಿರುತ್ತಿತ್ತು. ಆದರೆ ದಡ್ಡ, ಒಳಗೆ ನುಗ್ಗಿ ಜೇಬಿನಿಂದ ಪೆಟ್ಟಿಗೆ ತೆಗೆದು, ಸಭೆಯಲ್ಲಿ ಭಾಷಣಕಾರರ ಮುಂದೆ ಮೈಕು ಹಿಡಿದಂತೆ ಅವಳ ಬಾಯಿಯ ಮುಂದೆ ಹಿಡಿದು, ಮಾತಾಡು ಎಂದ. ಹಾಗೆ ಹಿಡಿದರೆ ಯಾರಿಗೆ ತಾನೇ ಮಾತು ಹುಟ್ಟುತ್ತದೆ? ಅತ್ತೆ ಪೆಟ್ಟಿಗೆ ನೋಡಿದಳು, ತಂತಿ ನೋಡಿದಳು, ಅವನ ಕಿವಿ ನೋಡಿದಳು. ಇಷ್ಟು ವರ್ಷ ತಾನು ಆಡಿದ್ದೆಲ್ಲ ಒಂದೇ ಸಲಕ್ಕೆ ನೆನಪಾಯಿತೇನೋ, ಬಿಳಿಚಿಕೊಂಡು ಅಡುಗೆಮನೆ ಸೇರಿದಳು.

ಆಮೇಲೆ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅತ್ತೆ ಕಂಬಕ್ಕೂ ಮಾತಾಡಳು, ಒಲೆಗೂ ಮಾತಾಡಳು. ಊಟಕ್ಕೆ ಹೆಬ್ಬೆರಳು ಒತ್ತುವಳು, ಅಷ್ಟೇ. ಮಾವ ಒಂದೊಂದು ನೆಪ ಹುಡುಕಿ ಕೆಣಕಿದ. ಬೇಕೆಂದೇ ಅಂಗಳದಲ್ಲಿ ಉಗುಳಿದ, ಬೇಕೆಂದೇ ಸಾರು ಚೆಲ್ಲಿದ, ರೊಟ್ಟಿ ಸುಟ್ಟಿದೆ ಎಂದ. ಬೈದರೂ ಸಾಕು, ಒಂದು ಮಾತು ಬರಲಿ! ಬರಲಿಲ್ಲ. ಕೆಲವು ವಾರ ಹೀಗೆ ಕಳೆದು, ತಾಯಿಗೆ ಮೈ ಸರಿಯಿಲ್ಲವೆಂದು ಅತ್ತೆ ಕುರುಗೋಡಿಗೆ ತವರಿಗೆ ಹೊರಟುಹೋದಳು. ಅವಳ ತಾಯಿ ಗುಂಡುಕಲ್ಲಿನಂತಿದ್ದಳು, ಎಲ್ಲರಿಗೂ ಗೊತ್ತು.

ಮಾವ ಮತ್ತೆ ನನ್ನ ಹೊಸಿಲಿಗೆ ಬಂದು ಕೂತ. ಈ ಸಲ ಅವನ ಮಾತು ಎದುರುಮನೆಗಿರಲಿ, ನನಗೇ ಸರಿಯಾಗಿ ಕೇಳಲಿಲ್ಲ. ಅವಳು ಬರುವುದಿಲ್ಲವೇನೋ ಎಂದ. ಗಂಡುಮಕ್ಕಳು ಅಳುವುದನ್ನು ನೋಡುವುದಕ್ಕಿಂತ ಬಸ್ಸಿನ ಮಸಿ ಮೇಲೆಂದು ನಾನು ಆ ದಿನವೇ ಕುರುಗೋಡಿಗೆ ಹೋದೆ.

ಹೋಗಿ ನೋಡಿದರೆ ಬೆಟ್ಟದ ಕೆಳಗಿನ ಆ ಮನೆಯ ಪಡಸಾಲೆಯಲ್ಲಿ ಅತ್ತೆ ಕಾಳು ಹಸನು ಮಾಡುತ್ತ, ತಡೆಹಿಡಿದದ್ದನ್ನೆಲ್ಲ ಬಡ್ಡಿಸಮೇತ ತೀರಿಸುತ್ತಿದ್ದಳು. ನಾನು ಮಾವನ ಪಾಡು ಹೇಳಿದೆ. ಮೊರ ಕೆಳಗಿಟ್ಟಳು.

"ಅವರಿಗೆ ಕಿವಿ ಬಂದಿದ್ದು ನಂಗ ಸಂತೋಷ ಇಲ್ಲ ಅಂತ ತಿಳೀಬ್ಯಾಡವ್ವ. ಹೊಸದಾಗಿ ಬಂದಾಗ ಸೆರಗಿನ ಮರ್ಯಾಗ ನಾಕು ಮಾತು ಆಡಿದ್ದೆ ನೋಡು, ಆ ದನಿ ಅವರ ಮನಸಿನ್ಯಾಗ ಐತಿ. ಎಳೀ ಹುಡುಗಿ ದನಿ ಅದು. ಈಗಿಂದು ಕಾಗಿ ದನಿ. ಒದರಿ ಒದರಿ ಹಿಂಗ ಆಗೈತಿ. ಇದನ್ನ ಕೇಳಾಕ ಅಷ್ಟು ರೊಕ್ಕ ಸುರದೆನಾ ಅಂತ ಅವರಿಗೆ ಅನಿಸಿದ್ರ ನಾನು ಎಲ್ಲಿ ಮಾರಿ ಇಡ್ಲಿ?"

ನಿನ್ನದು ಕೋಗಿಲೆಯ ದನಿ ಎಂದರೆ ಅವಳೇ ನಂಬುತ್ತಿರಲಿಲ್ಲ. ವಾಪಸು ಬಂದು ಮಾವನಿಗೆ ಎಲ್ಲವನ್ನೂ ಹೇಳಿದೆ. ಅವನು ಪೆಟ್ಟಿಗೆಯನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿದ. ಆಮೇಲೆ, ಅವಳಿಗೆ ನಾಚಿಕೆಯಾಗುವುದಾದರೆ ಈ ಮಿಷನ್ನು ಸಾಯಲಿ ಎಂದ. ಹೇಳಿದವನೇ ಎದ್ದು ಕುರುಗೋಡಿಗೆ ಹೋಗಿ, ತವರಿನವರೆಲ್ಲರ ಎದುರು ಹಳೆಯ ಗಂಟಲಿನಲ್ಲಿ, ಮಿಷನ್ನು ಸತ್ತಿತು, ಇನ್ನು ಬದುಕುವುದಿಲ್ಲ, ನಾನು ಮೊದಲಿನಂತೆ ಕಿವುಡ ಎಂದು ಬೆಟ್ಟಕ್ಕೆ ಕೇಳುವಂತೆ ಸಾರಿದ. ಅತ್ತೆ ಮಾರನೆಯ ದಿನವೇ ಗಂಟು ಕಟ್ಟಿಕೊಂಡು ಅವನ ಹಿಂದೆ ಬಂದಳು. ಬಸ್ಸಿನಲ್ಲಿ ಕೂತ ಕೂಡಲೇ ಮಾತು ಶುರುವಾಯಿತಂತೆ, ಮುಂದಿನ ಸೀಟಿನ ಕಂಬಿಗೆ.

ಆದರೆ ನೀವು ನಮ್ಮ ಮಾವನನ್ನು ದಡ್ಡ ಎಂದುಕೊಳ್ಳಬಾರದು. ಮಿಷನ್ನು ಸತ್ತಿರಲಿಲ್ಲ! ಪೆಟ್ಟಿಗೆ ಅಂಗಿಯೊಳಗಿನ ಬನಿಯನ್ನಿಗೆ ಹೋಯಿತು, ಬ್ಯಾಟರಿ ಧೋತರದ ಒಳಗೆ ಅಡಗಿತು, ತಂತಿ ಕತ್ತಿನ ಹಿಂದಿನಿಂದ ಏರಿ ರುಮಾಲಿನೊಳಗೆ ಮರೆಯಾಯಿತು. ಕಿವಿ ಮುಚ್ಚುವಂತೆ ರುಮಾಲು ಸುತ್ತಿಕೊಂಡು ಮಾವ ಮನೆಯೊಳಗೂ ಹಾಗೇ ಕೂರತೊಡಗಿದ. ಸಿರುಗುಪ್ಪದ ಬೇಸಿಗೆ ಎಂದರೆ ಹಲ್ಲಿಯೂ ನೆರಳು ಹುಡುಕುವ ಬೇಸಿಗೆ. ಅಂಥದರಲ್ಲಿ ಬೆವರು ಸುರಿಸುತ್ತ, ಕಲ್ಲಿನಂಥ ಮುಖ ಮಾಡಿಕೊಂಡು, ಕಂಬಕ್ಕೆ ಒರಗಿ, ತನ್ನನ್ನು ಬೈಯುವುದನ್ನು ಕೇಳುತ್ತ ಕೂತಿರುತ್ತಿದ್ದ. ಬ್ಯಾಟರಿ ಪೂರೈಸುವ ಕೆಲಸ ನನ್ನದು. ಬ್ರೂಸ್‌ಪೇಟೆಯಿಂದ ತಂದು, ಉಪ್ಪಿನಕಾಯಿ ಜಾಡಿಗೆ ಸುತ್ತಿದ ಅರಿವೆಯಲ್ಲಿ ಅಡಗಿಸಿ, ಯಾರಿಗೂ ಹೇಳಬೇಡವೆಂದು ಅವನು ಮಾಡಿಸಿಕೊಂಡ ಆಣೆಯ ಪ್ರಕಾರ ಕಳ್ಳಸಾಗಣೆ ಮಾಡುತ್ತಿದ್ದೆ. ನಮ್ಮವರಿಗೂ ಹೇಳಿರಲಿಲ್ಲ. ಅವರು ನಾನು ಮಾವನ ಮನೆಗೆ ಇಷ್ಟೊಂದು ಉಪ್ಪಿನಕಾಯಿ ಏಕೆ ಒಯ್ಯುತ್ತೇನೆಂದು ಚಿಂತೆ ಮಾಡುತ್ತಿದ್ದರು.

ಹೀಗೆ ಎರಡು ಮೂರು ವರ್ಷವೇ ನಡೆಯಿತು. ಒಮ್ಮೆ ಹೋದಾಗ ಬಸ್ಸು ತಡವಾಗಿ ಮಧ್ಯಾಹ್ನ ತಲುಪಿದೆ. ಮಾವ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ; ಮುಖ ಜೋತುಬಿದ್ದಿತ್ತು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಜಾಡಿಯನ್ನು ಮೂಲೆಯಲ್ಲಿಡುವಾಗ, ರೊಟ್ಟಿ ಬಡಿಯುತ್ತಿದ್ದ ಅತ್ತೆ ತಿರುಗಿ ನೋಡದೆಯೇ ಅಂದಳು.

"ಬ್ಯಾಟ್ರಿ ತಂದೀಯಲ್ಲ, ಮೊದಲು ಅವರಿಗೆ ಕೊಟ್ಟು ಬಾ. ಮೊನ್ನಿಂದ ಅದು ಸತ್ತೈತಿ. ನಾನು ಎಷ್ಟು ಬೈದ್ರೂ ಅವರ ಮೀಸಿ ಅಳಗ್ಯಾಡವಲ್ದು."

ನನ್ನ ಕೈಯಲ್ಲಿದ್ದ ಜಾಡಿ ಜಾರುವುದೊಂದು ಬಾಕಿ. ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಕುರುಗೋಡಿನಿಂದ ಬಂದ ಬಸ್ಸಿನಲ್ಲೇ ಗೊತ್ತಾಯಿತು ಎಂದಳು. ತನ್ನ ಮಾತಿಗೆ ಅವನ ಮೀಸೆಯ ತುದಿ ನಗು ತಡೆಯಲಾರದೆ ನಡುಗಿದ್ದನ್ನು ನೋಡಿದ್ದಳಂತೆ. ನಾಚಿಕೆಯಾಗಿ ಬಾಯಿ ಮುಚ್ಚಬೇಕೆಂದುಕೊಂಡಳಂತೆ. ಆದರೆ ಅವನು ಅಷ್ಟು ಆಸೆಯಿಂದ ಕೂತಿದ್ದನ್ನು ಕಂಡು ಮನಸ್ಸು ಬರಲಿಲ್ಲ, ಕೇಳಲಿ ಎಂದು ಆಡುತ್ತಲೇ ಬಂದೆ ಎಂದಳು. ಹಾಗಾದರೆ ಅವನಿಗೆ ಹೇಳಿಬಿಡಬಾರದೇ, ಆ ರುಮಾಲಿನೊಳಗೆ ಬೆಂದುಹೋಗುತ್ತಿದ್ದಾನಲ್ಲ ಎಂದೆ. ಅತ್ತೆ ರೊಟ್ಟಿ ಹೆಂಚಿಗೆ ಹಾಕಿ, ಕೊಟ್ಟು ಬಾ ಎಂದು ಕೈಸನ್ನೆ ಮಾಡಿದಳು.

ನಾನು ಬ್ಯಾಟರಿ ಕೊಟ್ಟೆ. ಮಾವ ಕಳ್ಳನಂತೆ ಹಿತ್ತಿಲಿಗೆ ಹೋಗಿ, ಹಾಕಿಕೊಂಡು ಬಂದು, ಮತ್ತೆ ಕಲ್ಲಿನ ಮುಖ ಮಾಡಿ ಹಗ್ಗ ಹಿಡಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ನಿಂತಳು. ಕಂಬದ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಮೊದಲ ಸಲ ಅವಳು ನೇರವಾಗಿ ಗಂಡನ ಮುಖ ನೋಡಿ ಕೇಳಿದಳು.

"ನನ್ನ ದನಿ ಚೊಲೋ ಐತೇನ್ರಿ?"

ಉತ್ತರ ಕೊಟ್ಟರೆ ಅಷ್ಟು ವರ್ಷದ ಕಿವುಡುತನ ಬಯಲು. ಕೊಡದಿದ್ದರೆ ಅವಳು ಮತ್ತೆಂದೂ ಕೇಳುವುದಿಲ್ಲ. ಮಾವನ ಕೈಯಿಂದ ಹಗ್ಗ ಬಿತ್ತು. ನನ್ನನ್ನು ನೋಡಿದ, ಅವಳನ್ನು ನೋಡಿದ. ನಿಧಾನವಾಗಿ ರುಮಾಲು ತೆಗೆದು ತೊಡೆಯ ಮೇಲಿಟ್ಟ. ಬೆವರಿನಲ್ಲಿ ನೆನೆದ ತಲೆ, ಕಿವಿಯಲ್ಲಿ ಆ ಗುಂಡಿ, ಅದರಿಂದ ಇಳಿದ ತಂತಿ, ಎಲ್ಲವೂ ಕಾಣಿಸಿತು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವುದೂ ಅವನಿಗೆ ತೋಚಲಿಲ್ಲ.

"ಬಾಳ ಚೊಲೋ ಐತಿ," ಎಂದ. ಎಷ್ಟು ದೊಡ್ಡದಾಗಿ ಅಂದನೆಂದರೆ ಓಣಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮುಗಿಯಿತು, ಇನ್ನು ಇವಳು ಮತ್ತೆ ಮಾತಾಡಳು ಎಂದು ನಾನು ಹೆದರಿದೆ. ಮಾವನೂ ಹೆದರಿದ, ಕಿವಿಯ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕಾದ. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆಮೇಲೆ ಒಳಗಿನಿಂದ ಮಾತು ಬಂತು.

"ಅದಕ್ಯಾಕ ಅಷ್ಟು ಒದರ್ತೀರಿ? ನಾನೇನು ಕಿವುಡಿಯೇನು? ಏಳ್ರಿ, ರೊಟ್ಟಿ ಆರತಾವ."